ಎತ್ತರದ ಕುರ್ಚಿ, ಎರಡನೇ ಪಾಳಿ: ಸಮತೋಲನದ ಬೆಲೆ ತೆರುವವರು ಯಾರು?

ಉನ್ನತ ಹುದ್ದೆಗೇರಿದ ಮಹಿಳೆ ಎದುರಾದೊಡನೆ ‘ಮನೆ, ಕಚೇರಿ ಎರಡನ್ನೂ ಹೇಗೆ ತೂಗಿಸುತ್ತೀರಿ?’ ಎಂದು ಕೇಳುವುದು ವಾಡಿಕೆ. ಅದೇ ಹುದ್ದೆಯಲ್ಲಿರುವ ಪುರುಷನಿಗೆ ಈ ಪ್ರಶ್ನೆ ಎದುರಾಗುವುದು ಅಪರೂಪ. ಪ್ರಶ್ನೆಯನ್ನು ಕೇಳಬೇಕಾದದ್ದು ನಿಜಕ್ಕೂ ಯಾರಿಗೆ?

2000ನೇ ಇಸವಿಯ ಆಸುಪಾಸಿನ ಒಂದು ರಾತ್ರಿ. ಅಮೆರಿಕದ ಪೆಪ್ಸಿಕೋ ಕಂಪೆನಿಯ ಹಿರಿಯ ಅಧಿಕಾರಿ ಇಂದ್ರಾ ನೂಯಿ ಅವರಿಗೆ, ಕಂಪೆನಿಯ ಅಧ್ಯಕ್ಷೆಯಾಗಿ ಬಡ್ತಿ ದೊರೆಯಲಿದೆ ಎಂಬ ಸುದ್ದಿ ಕಚೇರಿಯಲ್ಲಿ ತಿಳಿಯಿತು. ಹತ್ತು ಗಂಟೆಯ ಹೊತ್ತಿಗೆ ಅವರು ಮನೆ ತಲುಪಿ, ಸುದ್ದಿಯನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾಯಿ ತಡೆದರು. ಸುದ್ದಿ ಆಮೇಲೆ, ಮೊದಲು ಹೋಗಿ ಹಾಲು ತಾ ಎಂಬುದು ಅವರ ಅಪ್ಪಣೆ. ಪತಿ ಎಂಟು ಗಂಟೆಗೇ ಮನೆಗೆ ಬಂದಿದ್ದರು. ಆದರೆ ಅವರು ದಣಿದಿದ್ದಾರೆ ಎಂಬ ಕಾರಣಕ್ಕೆ ತಾಯಿ ಅವರನ್ನು ಕೇಳಿರಲಿಲ್ಲ. ಹಾಲು ತಂದಿಟ್ಟು ಸಿಡುಕಿದ ಮಗಳಿಗೆ ತಾಯಿ ಹೇಳಿದ ಬುದ್ಧಿಮಾತಿನ ಸಾರ ಇಷ್ಟು: ಹೊರಗೆ ನೀನು ಏನೇ ಆಗಿರು, ಈ ಹೊಸ್ತಿಲು ದಾಟಿದ ಮೇಲೆ ನೀನು ಹೆಂಡತಿ, ಮಗಳು, ಸೊಸೆ, ತಾಯಿ, ಆ ಕಿರೀಟವನ್ನು ಗ್ಯಾರೇಜಿನಲ್ಲೇ ಬಿಟ್ಟು ಬಾ.

2014ರಲ್ಲಿ ಅಮೆರಿಕದ ಆಸ್ಪೆನ್‌ನಲ್ಲಿ ನಡೆದ ಸಂವಾದವೊಂದರಲ್ಲಿ ನೂಯಿ ಅವರೇ ಹೇಳಿಕೊಂಡ ಈ ಪ್ರಸಂಗ ಬಳಿಕ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. ಹಲವರು ಅದರಲ್ಲಿ ವಿನಯದ ಪಾಠವನ್ನು ಕಂಡರು. ಆದರೆ ಆ ಕಥೆಯೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಎಂಟು ಗಂಟೆಗೆ ಬಂದವರ ದಣಿವು ಮನೆಯವರ ಕಣ್ಣಿಗೆ ಬಿದ್ದಿತು. ಹತ್ತು ಗಂಟೆಗೆ ಬಂದವರ ದಣಿವು ಏಕೆ ಬೀಳಲಿಲ್ಲ?

‘ಮನೆ ಗೆದ್ದು ಮಾರು ಗೆಲ್ಲು’ ಎಂಬುದು ಕನ್ನಡದ ಹಳೆಯ ಗಾದೆ. ಗಾದೆಯೇನೋ ಹೆಣ್ಣು-ಗಂಡೆಂಬ ಭೇದ ಎಣಿಸಿಲ್ಲ. ಆದರೆ ಬಳಕೆಯಲ್ಲಿ ಅದರ ಮೊದಲ ಅರ್ಧದ ಭಾರವೆಲ್ಲ ಹೆಣ್ಣಿನ ಹೆಗಲ ಮೇಲೆಯೇ ಬಿದ್ದಿದೆ.

<b>ಎರಡನೇ ಪಾಳಿಯ ಲೆಕ್ಕ</b>

ಕಚೇರಿಯ ಕೆಲಸ ಮುಗಿಸಿ ಬಂದ ಮಹಿಳೆಗೆ ಮನೆಯಲ್ಲಿ ಕಾದಿರುವ ದುಡಿಮೆಗೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ‘ಎರಡನೇ ಪಾಳಿ’ ಎಂದು ಹೆಸರಿಟ್ಟರು. ಭಾರತದಲ್ಲಿ ಈ ಪಾಳಿ ಎಷ್ಟು ದೀರ್ಘವಾದುದು ಎಂಬುದಕ್ಕೆ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯೇ ಸಾಕ್ಷಿ. 2019ರ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಸಂಬಳವಿಲ್ಲದ ಆ ದುಡಿಮೆಗೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರೆ, ಪುರುಷರು ವ್ಯಯಿಸುತ್ತಿದ್ದುದು 97 ನಿಮಿಷ. 2024ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 289 ಮತ್ತು 88. ಐದು ವರ್ಷಗಳಲ್ಲಿ ಮಹಿಳೆಯ ಪಾಲು ಹತ್ತು ನಿಮಿಷ ಇಳಿಯಿತು ನಿಜ. ಆದರೆ ಪುರುಷನ ಪಾಲೂ ಒಂಬತ್ತು ನಿಮಿಷ ಇಳಿಯಿತು. ಅಂದರೆ ಮಹಿಳೆ ಇಳಿಸಿದ ಹೊರೆಯನ್ನು ಪುರುಷ ಎತ್ತಿಕೊಂಡಿಲ್ಲ.

ಇದು ಎಲ್ಲ ವರ್ಗದ ಮಹಿಳೆಯರ ಸರಾಸರಿ. ಉನ್ನತ ಹುದ್ದೆಯಲ್ಲಿರುವವರ ಮನೆಯಲ್ಲಿ ಪಾತ್ರೆ ತೊಳೆಯಲು, ಅಡುಗೆ ಮಾಡಲು ಜನ ಇರಬಹುದು. ಆದರೆ ಕೈಯಿಂದ ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದಾದರೂ ನೆನಪಿಟ್ಟುಕೊಳ್ಳುವ ಕೆಲಸವನ್ನು ವಹಿಸುವುದು ಕಷ್ಟ. ಮಗುವಿನ ಲಸಿಕೆ ಎಂದು, ಮಾವನವರ ಮಾತ್ರೆ ಎಷ್ಟು ಉಳಿದಿದೆ, ಶಾಲೆಯ ಪೋಷಕರ ಸಭೆ ಯಾವ ವಾರ, ಅಡುಗೆಯವರು ನಾಳೆ ಬರುತ್ತಾರೋ ಇಲ್ಲವೋ ಎಂಬ ಅದೃಶ್ಯ ಪಟ್ಟಿಯೊಂದು ನಿರ್ದೇಶಕ ಮಂಡಳಿಯ ಸಭೆಯ ನಡುವೆಯೂ ಆಕೆಯ ತಲೆಯೊಳಗೆ ಓಡುತ್ತಲೇ ಇರುತ್ತದೆ. ಯಾವ ಸಮೀಕ್ಷೆಯ ನಿಮಿಷದ ಲೆಕ್ಕಕ್ಕೂ ಇದು ಸಿಗುವುದಿಲ್ಲ.

<b>ಬೆನ್ನ ಹಿಂದೆ ನಿಂತ ಕೈಗಳು</b>

ಚೆನ್ನೈಯಲ್ಲಿ ಹುಟ್ಟಿದ ಇಂದ್ರಾ, ಮಂಗಳೂರು ಮೂಲದ ರಾಜ್ ನೂಯಿ ಅವರನ್ನು ವಿವಾಹವಾದದ್ದು 1980ರಲ್ಲಿ. 2006ರ ಅಕ್ಟೋಬರ್‌ನಿಂದ 2018ರ ಅಕ್ಟೋಬರ್‌ವರೆಗೆ ಹನ್ನೆರಡು ವರ್ಷ ಅವರು ಪೆಪ್ಸಿಕೋದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುತ್ತ ಈ ಎತ್ತರಕ್ಕೇರಿದ ಅವರ ಕಥೆಯನ್ನು ಒಬ್ಬ ವ್ಯಕ್ತಿಯ ಸಾಹಸವೆಂದು ಓದುವವರೇ ಹೆಚ್ಚು. 2021ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ನೂಯಿ ಅವರೇ ಅದನ್ನು ಹಾಗೆ ಹೇಳಿಲ್ಲ ಎಂಬುದು ಗಮನಾರ್ಹ.

ಅವರು ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನಲ್ಲಿ ಕಿರಿಯ ಉದ್ಯೋಗಿಯಾಗಿದ್ದಾಗ ತಂದೆ ಕ್ಯಾನ್ಸರ್‌ಗೆ ತುತ್ತಾದರು. ಆಗ ಆರು ತಿಂಗಳವರೆಗೆ ಸಂಬಳಸಹಿತ ರಜೆ ತೆಗೆದುಕೊಳ್ಳಲು ಸಂಸ್ಥೆ ಅವಕಾಶ ನೀಡಿತು. 1986ರಲ್ಲಿ ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಾಗಲೂ ಸಂಸ್ಥೆ ಅವರ ಕೈಬಿಡಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ತಾಯಿಯ ನೆರವಿತ್ತು, ಎರಡೂ ಕಡೆಯ ಹಿರಿಯರು ಭಾರತದಿಂದ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಆ ಕಾಲಕ್ಕೆ ಸಂಬಳಸಹಿತ ರಜೆ ಸಿಗದೇ ಹೋಗಿದ್ದರೆ ತಮ್ಮ ವೃತ್ತಿಜೀವನದ ದಿಕ್ಕೇ ಬೇರೆಯಾಗುತ್ತಿತ್ತೆಂಬ ಭಾವ ಅವರ ಬರಹದುದ್ದಕ್ಕೂ ಇದೆ. ಅದೇ ಅಮೆರಿಕದಲ್ಲಿ 1993ರ ಒಕ್ಕೂಟ ಕಾಯಿದೆಯು ಖಾಸಗಿ ವಲಯದ ಅರ್ಹ ಉದ್ಯೋಗಿಗೆ ಕೊಡುವುದು ಹನ್ನೆರಡು ವಾರಗಳ ರಜೆಯನ್ನು ಮಾತ್ರ, ಅದೂ ಸಂಬಳವಿಲ್ಲದೆ. ಎಂದರೆ ನೂಯಿ ಅವರಿಗೆ ದೊರೆತದ್ದು ಸಂಸ್ಥೆಯ ಔದಾರ್ಯ, ಅವರ ಹಕ್ಕಲ್ಲ.

ಇಷ್ಟೆಲ್ಲ ಇದ್ದೂ ಅಪರಾಧಿ ಭಾವ ಅವರನ್ನು ಬಿಡಲಿಲ್ಲ. ಮಗಳ ಶಾಲೆಯಲ್ಲಿ ಬುಧವಾರ ಬೆಳಗಿನ ಹೊತ್ತು ತಾಯಂದಿರ ಕಾಫಿ ಕೂಟ ನಡೆಯುತ್ತಿತ್ತು. ಕಚೇರಿ ಬಿಟ್ಟು ಹೋಗುವುದು ಅವರಿಗೆ ಆಗುತ್ತಿರಲಿಲ್ಲ. ಕೂಟಕ್ಕೆ ಬಂದ ತಾಯಂದಿರ ಹೆಸರುಗಳನ್ನು ಮಗಳು ಮನೆಯಲ್ಲಿ ಒಪ್ಪಿಸಿದಾಗ ನೋವಾಗುತ್ತಿತ್ತು. ಕೊನೆಗೆ ಅವರು ಶಾಲೆಗೆ ಫೋನ್ ಮಾಡಿ, ಬಾರದೇ ಉಳಿದ ಇತರ ತಾಯಂದಿರ ಹೆಸರುಗಳನ್ನು ತಿಳಿದುಕೊಂಡರು; ತಾನೊಬ್ಬಳೇ ಅಲ್ಲ ಎಂದು ಮಗಳಿಗೆ ತೋರಿಸುವುದಕ್ಕೆ. ಎಲ್ಲವನ್ನೂ ಒಟ್ಟಿಗೆ ಪಡೆಯಬಹುದೆಂದು ಮಹಿಳೆಯರು ನಟಿಸುತ್ತಾರೆಯೇ ಹೊರತು ಅದು ನಿಜವಲ್ಲ ಎಂಬುದನ್ನು ಅವರು ಆಸ್ಪೆನ್ ಸಂವಾದದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು.

<b>ಹತ್ತು ಸಾವಿರದ ಎರಡು ಕಥೆಗಳು</b>

ಕರ್ನಾಟಕದ ಓದುಗರಿಗೆ ಚಿರಪರಿಚಿತವಾದ ಎರಡು ಬದುಕುಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು.

ಬೆಂಗಳೂರಿನ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ತಂತ್ರಜ್ಞಾನವನ್ನು ಕಲಿತು 1975ರಲ್ಲಿ ಅರ್ಹತೆ ಪಡೆದವರು. ಹೆಣ್ಣೆಂಬ ಕಾರಣಕ್ಕೆ ಭಾರತದ ಬ್ರೂವರಿಗಳಲ್ಲಿ ಅವರಿಗೆ ತಕ್ಕ ಹುದ್ದೆ ಸಿಗಲಿಲ್ಲ. 1978ರಲ್ಲಿ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಆರಂಭಿಸಿದರು. ಆಗ ಅವರಿಗೆ 25 ವರ್ಷ. ಕಿರಿಯ ವಯಸ್ಸು, ಹೆಣ್ಣು, ಮೇಲಾಗಿ ಜೈವಿಕ ತಂತ್ರಜ್ಞಾನವೆಂಬ ಅಪರಿಚಿತ ಕ್ಷೇತ್ರ. ಬ್ಯಾಂಕುಗಳು ಸಾಲ ನೀಡಲು ಹಿಂಜರಿದವು. 1998ರಲ್ಲಿ ಅವರನ್ನು ವಿವಾಹವಾದ ಜಾನ್ ಶಾ ಅದುವರೆಗೆ ಮದುರಾ ಕೋಟ್ಸ್ ಕಂಪೆನಿಯ ಮುಖ್ಯಸ್ಥರಾಗಿದ್ದವರು. ಬಳಿಕ ಅವರು ಪತ್ನಿ ಕಟ್ಟಿದ ಸಂಸ್ಥೆಯನ್ನು ಸೇರಿ ಅದರ ಬೆಳವಣಿಗೆಗೆ ಹೆಗಲು ಕೊಟ್ಟರು. ಪತ್ನಿಯ ಕನಸಿಗೆ ಪತಿ ಜೊತೆಯಾದ ಇಂಥ ಉದಾಹರಣೆ ನಮ್ಮಲ್ಲಿ ಇಂದಿಗೂ ವಿರಳ.

ಇನ್ನೊಂದು ಕಥೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ ಅವರದು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೊ ಜಾಹೀರಾತನ್ನು ಪ್ರತಿಭಟಿಸಿ 1974ರಲ್ಲಿ ಅವರು ಜೆಆರ್‌ಡಿ ಟಾಟಾ ಅವರಿಗೆ ಬರೆದ ಅಂಚೆ ಕಾರ್ಡು, ಅದರಿಂದಾಗಿ ಅವರಿಗೆ ದೊರೆತ ಕೆಲಸ ಇಂದು ದಂತಕಥೆಯೇ ಆಗಿದೆ. 1981ರಲ್ಲಿ ಇನ್ಫೋಸಿಸ್ ಆರಂಭಿಸಲು ಪತಿ ನಾರಾಯಣ ಮೂರ್ತಿ ಅವರಿಗೆ ತಮ್ಮ ಉಳಿತಾಯದ ಹತ್ತು ಸಾವಿರ ರೂಪಾಯಿ ಕೊಟ್ಟವರೂ ಅವರೇ. ಆದರೆ ಕುಟುಂಬದಿಂದ ಒಬ್ಬರು ಮಾತ್ರ ಸಂಸ್ಥೆಯಲ್ಲಿರಬೇಕು ಎಂಬ ನಿಯಮದಿಂದಾಗಿ ಸುಧಾ ಹೊರಗುಳಿದರು. ಅರ್ಹತೆಯಿದ್ದ ಪತ್ನಿಯನ್ನು ಹೊರಗಿಟ್ಟದ್ದು ತಪ್ಪಾಯಿತು ಎಂದು ನಾರಾಯಣ ಮೂರ್ತಿ ಅವರು 2024ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಸುಧಾ ಮೂರ್ತಿ ಸಾಹಿತ್ಯ ಮತ್ತು ಸಮಾಜಸೇವೆಯಲ್ಲಿ ತಮ್ಮದೇ ಹಾದಿಯನ್ನು ಕಂಡುಕೊಂಡರೆಂಬುದು ನಿಜ. ಆದರೂ ಒಬ್ಬರು ಹಿಂದೆ ಸರಿಯಬೇಕಾದಾಗ ಸರಿಯುವವರು ಯಾರು ಎಂಬ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ.

<b>ದೇಹ ಕೊಡುವ ಎಚ್ಚರಿಕೆ</b>

ಎಲ್ಲವನ್ನೂ ತಾನೇ ನಿಭಾಯಿಸುವೆನೆಂಬ ಹಟಕ್ಕೆ ಮೊದಲು ಬೆಲೆ ತೆರುವುದು ದೇಹ. ‘ಹಫಿಂಗ್ಟನ್ ಪೋಸ್ಟ್’ ಸಹಸಂಸ್ಥಾಪಕಿ ಅರಿಯಾನಾ ಹಫಿಂಗ್ಟನ್ 2007ರ ಏಪ್ರಿಲ್‌ನಲ್ಲಿ ನಿದ್ದೆಗೆಟ್ಟ ಬಳಲಿಕೆಯಿಂದ ಕುಸಿದುಬಿದ್ದರು. ಕೆನ್ನೆಯ ಮೂಳೆ ಮುರಿಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಿಳಿದದ್ದು, ವಿಶ್ರಾಂತಿಯ ಅಭಾವವೇ ಕಾಯಿಲೆಯೆಂದು. ಆ ಪತನವೇ ಅವರ ಮುಂದಿನ ಪುಸ್ತಕಗಳಿಗೂ ಉದ್ಯಮಕ್ಕೂ ಪ್ರೇರಣೆಯಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಬರ್ನ್‌ಔಟ್’ ಅನ್ನು ತನ್ನ ರೋಗ ವರ್ಗೀಕರಣದಲ್ಲಿ ವಿವರಿಸಿತು. ಸಂಸ್ಥೆಯ ಪ್ರಕಾರ ಅದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. ಸರಿಯಾಗಿ ನಿರ್ವಹಣೆಯಾಗದ ಕೆಲಸದ ಒತ್ತಡವೇ ಅದರ ಮೂಲ. ಶಕ್ತಿ ಬತ್ತಿಹೋದ ಭಾವ, ಕೆಲಸದ ಬಗ್ಗೆ ಜುಗುಪ್ಸೆ ಅಥವಾ ಮಾನಸಿಕ ದೂರ, ಕಾರ್ಯಕ್ಷಮತೆಯ ಕುಸಿತ ಇವು ಅದರ ಮೂರು ಮುಖಗಳು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನ ಇನ್ನೂ ಕಟುವಾದುದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಅಧಿಕ ಎಂದು ಅದು ಅಂದಾಜಿಸಿತು. ಈ 55 ಗಂಟೆಯ ಲೆಕ್ಕ ಸಂಬಳದ ದುಡಿಮೆಗೆ ಸಂಬಂಧಿಸಿದ್ದು. ಎರಡನೇ ಪಾಳಿ ಅದರೊಳಗೆ ಸೇರಿಲ್ಲ.

ಮಹಿಳೆಯ ವಿಷಯದಲ್ಲಿ ವಯಸ್ಸಿನ ಲೆಕ್ಕಾಚಾರವೂ ಪ್ರತಿಕೂಲವೇ. ಮೇಲಿನ ಮೆಟ್ಟಿಲಿನ ಬಡ್ತಿಗಳು ಸಾಮಾನ್ಯವಾಗಿ ಒದಗುವುದು ನಲವತ್ತರ ಮಧ್ಯದಿಂದ ಐವತ್ತರ ಮಧ್ಯದವರೆಗೆ. ಋತುಬಂಧ ಬರುವುದೂ ಬಹುತೇಕ 45ರಿಂದ 55ರ ನಡುವೆಯೇ. ನಿದ್ರಾಭಂಗ, ಮೈ ಬಿಸಿಯೇರುವುದು, ಮನಸ್ಸಿನ ಏರುಪೇರು ಅದರ ಜೊತೆಗೇ ಬರುವ ತೊಂದರೆಗಳು. ಮಕ್ಕಳ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು, ತಂದೆತಾಯಿಯ ಮುಪ್ಪು ಇವೂ ಅದೇ ದಶಕದಲ್ಲಿ ಎದುರಾಗುತ್ತವೆ. ಆದರೆ ಈ ಬಗ್ಗೆ ಕಚೇರಿಯಲ್ಲಿ ಬಾಯಿಬಿಟ್ಟರೆ ದುರ್ಬಲಳೆಂಬ ಹಣೆಪಟ್ಟಿ ಅಂಟೀತೆಂಬ ಅಂಜಿಕೆಯಿಂದ ಹಲವರು ಮೌನವಾಗಿಯೇ ಸಹಿಸುತ್ತಾರೆ.

<b>ಕಾನೂನು ಕೊಟ್ಟದ್ದು, ಕೊಡದೆ ಉಳಿದದ್ದು</b>

ನಿರ್ದೇಶಕ ಮಂಡಳಿಯ ಬಾಗಿಲನ್ನು ತೆರೆಸಿದ್ದು ಕಾನೂನೇ. 2013ರ ಕಂಪೆನಿ ಕಾಯಿದೆಯು ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪೆನಿಯಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕೆಂದು ವಿಧಿಸಿತು. ಕೆಲವು ಕಂಪೆನಿಗಳು ಮಾಲೀಕರ ಮನೆಯ ಹೆಣ್ಣುಮಕ್ಕಳನ್ನೇ ಆ ಸ್ಥಾನಕ್ಕೆ ತಂದು ಕೂರಿಸಿದವು. ಬಳಿಕ ಷೇರುಪೇಟೆ ನಿಯಂತ್ರಣ ಸಂಸ್ಥೆ ಸೆಬಿ, ಮೊದಲ 500 ಕಂಪೆನಿಗಳಲ್ಲಿ 2019ರ ಏಪ್ರಿಲ್‌ನಿಂದಲೂ ಮೊದಲ 1,000 ಕಂಪೆನಿಗಳಲ್ಲಿ 2020ರ ಏಪ್ರಿಲ್‌ನಿಂದಲೂ ಸ್ವತಂತ್ರ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯಗೊಳಿಸಿತು. ಆದರೆ ಮಂಡಳಿಯ ಸಭೆಗೆ ಬಂದುಹೋಗುವುದು ಬೇರೆ, ದಿನನಿತ್ಯ ಸಂಸ್ಥೆಯನ್ನು ನಡೆಸುವ ಕುರ್ಚಿ ಬೇರೆ. ಅಮೆರಿಕದ ಫಾರ್ಚೂನ್ 500 ಪಟ್ಟಿಯ ಕಂಪೆನಿಗಳಲ್ಲೂ 2025ರಲ್ಲಿ ಆ ಕುರ್ಚಿಯಲ್ಲಿದ್ದ ಮಹಿಳೆಯರು 55 ಮಂದಿ ಮಾತ್ರ.

ಹೆರಿಗೆ ರಜೆಯ ಮಾತಿಗೆ ಬಂದರೆ, 2017ರ ತಿದ್ದುಪಡಿಯು ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರುವ ಹಕ್ಕು ತಾಯಿಗೆ ದೊರೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಸೌಲಭ್ಯಗಳನ್ನು ಉಳಿಸಿಕೊಂಡಿದೆ. ಕರ್ನಾಟಕ ಸಚಿವ ಸಂಪುಟವು ಖಾಸಗಿ ವಲಯಕ್ಕೂ ಅನ್ವಯವಾಗುವಂತೆ ತಿಂಗಳಿಗೊಂದು ದಿನದ ಸಂಬಳಸಹಿತ ಋತುಚಕ್ರ ರಜೆಗೆ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು.

ಇವೆಲ್ಲ ಸ್ವಾಗತಾರ್ಹ. ಆದರೆ ಎರಡು ಕೊರತೆಗಳು ಎದ್ದುಕಾಣುತ್ತವೆ. ಒಂದು, ಇಎಸ್‌ಐ ವ್ಯಾಪ್ತಿಯ ಹೊರಗಿರುವ ಮಹಿಳೆಯ ಹೆರಿಗೆ ರಜೆಯ ಸಂಬಳವನ್ನು ಪೂರ್ತಿಯಾಗಿ ಭರಿಸುವುದು ಉದ್ಯೋಗದಾತ. ಹಾಗಾಗಿ ವಯಸ್ಸಿಗೆ ಬಂದ ಮಹಿಳೆಯನ್ನು ನೇಮಿಸುವಾಗ ಲೆಕ್ಕ ಹಾಕುವ ಸಂಸ್ಥೆಗಳೂ ಇಲ್ಲದಿಲ್ಲ. ಈ ಕಾರಣಕ್ಕೇ 2000ನೇ ಇಸವಿಯ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯು ವೆಚ್ಚವನ್ನು ಸಾಮಾಜಿಕ ವಿಮೆ ಅಥವಾ ಸರ್ಕಾರಿ ನಿಧಿ ಭರಿಸಬೇಕೆಂಬ ನಿಲುವು ತಾಳಿದೆ. ಎರಡು, ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ಸಿಗುವ ಪಿತೃತ್ವ ರಜೆ 15 ದಿನ. ಖಾಸಗಿ ವಲಯದ ತಂದೆಗೆ ಕಾನೂನಿನ ಪ್ರಕಾರ ಅದೂ ಇಲ್ಲ. ತಾಯಿಗೆ 26 ವಾರ, ತಂದೆಗೆ ಏನೂ ಇಲ್ಲ ಎನ್ನುವ ಕಾನೂನು ಮಗುವನ್ನು ನೋಡಿಕೊಳ್ಳುವುದು ಯಾರ ಕೆಲಸವೆಂಬುದನ್ನೂ ಸದ್ದಿಲ್ಲದೆ ನಿರ್ಧರಿಸಿಬಿಡುತ್ತದೆ.

<b>ರಾಜೀನಾಮೆ ಪತ್ರಕ್ಕೂ ಮುನ್ನ</b>

ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಮೊದಲ ಮಹಿಳಾ ಮುಖ್ಯಸ್ಥೆ ಅರುಂಧತಿ ಭಟ್ಟಾಚಾರ್ಯ ಬ್ಯಾಂಕಿಗೆ ಅಧಿಕಾರಿಯಾಗಿ ಸೇರಿದ್ದು 1977ರಲ್ಲಿ. ವರ್ಗಾವಣೆಯ ಮೇಲೆ ವರ್ಗಾವಣೆ, ಬೇರೊಂದು ಊರಿನಲ್ಲಿ ಪ್ರಾಧ್ಯಾಪಕರಾಗಿದ್ದ ಪತಿ, ಮಗಳ ಶಾಲೆಯ ಚಿಂತೆ ಇವುಗಳ ನಡುವೆ ಒಮ್ಮೆ ಕೆಲಸ ಬಿಡುವ ಯೋಚನೆಗೂ ಬಂದಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಹಿರಿಯರೊಬ್ಬರ ಮಾತು ಅವರನ್ನು ತಡೆಯಿತು. 2013ರ ಅಕ್ಟೋಬರ್‌ನಲ್ಲಿ ಅಧ್ಯಕ್ಷೆಯಾದ ಮೇಲೆ, ಮಕ್ಕಳ ಅಥವಾ ಹಿರಿಯರ ಆರೈಕೆಗಾಗಿ ಮಹಿಳಾ ಉದ್ಯೋಗಿಗಳು ಎರಡು ವರ್ಷಗಳವರೆಗೆ ದೀರ್ಘ ರಜೆ ಪಡೆದು ಮರಳಿ ಬರುವ ವ್ಯವಸ್ಥೆಯನ್ನು ಅವರು ಜಾರಿಗೆ ತಂದರು. ತಮ್ಮನ್ನು ಉಳಿಸಿದ್ದು ಯಾರದೋ ಒಂದು ಮಾತಿನ ಆಕಸ್ಮಿಕ. ಮುಂದಿನವರಿಗೆ ಅದು ಆಕಸ್ಮಿಕವಾಗದೆ ನಿಯಮವಾಯಿತು.

ವಿರಾಮ ಪಡೆದ ಮಹಿಳೆಯರನ್ನು ಮತ್ತೆ ವೃತ್ತಿಗೆ ಕರೆತರಲು ಟಾಟಾ ಸಮೂಹ 2008ರಲ್ಲೇ ಯೋಜನೆಯೊಂದನ್ನು ಆರಂಭಿಸಿತ್ತು. ನೂಯಿ ಅವರ ಅವಧಿಯ ಕೊನೆಯ ವರ್ಷಗಳಲ್ಲಿ ಪೆಪ್ಸಿಕೋದ ಕೇಂದ್ರ ಕಚೇರಿಯಲ್ಲೇ ಶಿಶುಪಾಲನಾ ಕೇಂದ್ರ ತೆರೆಯಿತು. ಇವು ಯಾವುವೂ ಯೋಗ ಶಿಬಿರವಲ್ಲ, ಮಹಿಳಾ ದಿನದಂದು ಹಂಚುವ ಹೂವಿನ ಗುಚ್ಛವೂ ಅಲ್ಲ. ಕೆಲಸದ ರೀತಿಯನ್ನೇ ಬದಲಿಸಿದ ಏರ್ಪಾಡುಗಳು. ಸಂಜೆ ಆರರ ನಂತರ ಸಭೆ ಕರೆಯದಿರುವುದು, ಪ್ರಯಾಣದ ದಿನಗಳನ್ನು ಮುಂಚಿತವಾಗಿ ತಿಳಿಸುವುದು, ರಜೆಯಲ್ಲಿದ್ದವರ ವಾರ್ಷಿಕ ಮೌಲ್ಯಮಾಪನದಲ್ಲಿ ಅಂಕ ಕಡಿತವಾಗದಂತೆ ನೋಡಿಕೊಳ್ಳುವುದು, ಪುರುಷ ಉದ್ಯೋಗಿಯೂ ಮಗುವಿನ ಜ್ವರಕ್ಕೆ ರಜೆ ಹಾಕಿದಾಗ ಹುಬ್ಬೇರಿಸದಿರುವುದು ಇಂಥ ಸಣ್ಣ ಸಂಗತಿಗಳಿಗೆ ಖರ್ಚೂ ಕಡಿಮೆ.

<b>ಮನೆಯೊಳಗಿನ ಇನ್ನೊಬ್ಬ ಮಹಿಳೆ</b>

ನಗರದ ಉನ್ನತಾಧಿಕಾರಿ ಮಹಿಳೆಯ ಸಮತೋಲನದ ಮಾತಾಡುವಾಗ ಮರೆಯಬಾರದ ಮತ್ತೊಬ್ಬರಿದ್ದಾರೆ. ಆಕೆ ಬೆಳಿಗ್ಗೆ ಏಳಕ್ಕೆ ಕಚೇರಿಗೆ ಹೊರಡುವಂತಾಗಲು, ಆರಕ್ಕೇ ತನ್ನ ಮನೆ ಬಿಟ್ಟು ಬರುವ ಕೆಲಸದಾಕೆ. ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ನಿಗದಿಪಡಿಸಿತ್ತು. ಆದರೆ ಆಕೆಯ ಮಗುವಿಗೆ ಯಾವ ಕಂಪೆನಿಯ ಶಿಶುಪಾಲನಾ ಕೇಂದ್ರವೂ ಇಲ್ಲ, ಆಕೆಗೆ 26 ವಾರಗಳ ರಜೆಯೂ ಇಲ್ಲ. ಒಬ್ಬ ಮಹಿಳೆಯ ಎರಡನೇ ಪಾಳಿ ಇನ್ನೊಬ್ಬ ಮಹಿಳೆಯ ಮೊದಲ ಪಾಳಿಯಾಗಿ ಕೈಬದಲಾಯಿಸಿತೆಂದರೆ ಸಮಸ್ಯೆ ಬಗೆಹರಿದಂತಲ್ಲ. ಆಕೆಗೆ ಸಕಾಲದ ಸಂಬಳ, ವಾರದ ರಜೆ, ಕಾಯಿಲೆಯ ದಿನ ವಿಶ್ರಾಂತಿ ದೊರಕಿಸುವುದು ಉನ್ನತ ಹುದ್ದೆಯ ಮಹಿಳೆ ಮತ್ತು ಆಕೆಯ ಪತಿ ಇಬ್ಬರ ಕೈಯಲ್ಲೂ ಇರುವ ಸಂಗತಿ.

ನೂಯಿ ಅವರು ತಮ್ಮ ಆತ್ಮಕಥನದ ಕೊನೆಗೆ ಬಂದು ನಿಲ್ಲುವುದೂ ಇಲ್ಲಿಗೇ. ಸಂಬಳಸಹಿತ ರಜೆ, ಹೊಂದಾಣಿಕೆಗೆ ಎಡೆಯಿರುವ ಹಾಗೂ ಮುಂಚಿತವಾಗಿ ತಿಳಿದಿರುವ ಕೆಲಸದ ವೇಳೆ, ಆರೈಕೆಯ ಭದ್ರ ವ್ಯವಸ್ಥೆ ಇವು ಹೆಣ್ಣುಮಕ್ಕಳ ಖಾಸಗಿ ಅನುಕೂಲಗಳಲ್ಲ, ದೇಶದ ಆರ್ಥಿಕತೆಯ ಪ್ರಶ್ನೆ ಎಂಬುದು ಅವರ ವಾದ.

ಮಹತ್ವಾಕಾಂಕ್ಷೆ ಮತ್ತು ನೆಮ್ಮದಿ ಒಂದನ್ನೊಂದು ದೂಡುವ ಸವತಿಯರಲ್ಲ. ಅವೆರಡನ್ನೂ ಒಬ್ಬಳೇ ಹೊರಬೇಕೆಂದಾಗ ಮಾತ್ರ ಅವು ಹಾಗೆ ಕಾಣುತ್ತವೆ. ಮುಂದಿನ ಸಲ ಯಾವುದೋ ವೇದಿಕೆಯಲ್ಲಿ ಮಹಿಳಾ ಅಧಿಕಾರಿಯೊಬ್ಬರಿಗೆ ‘ಎರಡನ್ನೂ ಹೇಗೆ ತೂಗಿಸುತ್ತೀರಿ’ ಎಂಬ ಪ್ರಶ್ನೆ ಬಂದರೆ, ಪಕ್ಕದ ಕುರ್ಚಿಯಲ್ಲಿರುವ ಪುರುಷ ಅಧಿಕಾರಿಗೂ ಅದನ್ನೇ ಕೇಳಬಹುದು. ಮನೆ ಗೆಲ್ಲುವ ಕೆಲಸ ಇಬ್ಬರದೂ ಆದಾಗಲೇ ಮಾರು ಗೆಲ್ಲುವ ಹಾದಿ ಇಬ್ಬರಿಗೂ ತೆರೆಯುತ್ತದೆ. ರಾತ್ರಿ ಹತ್ತಕ್ಕೆ ಹಾಲು ಮುಗಿದಿದ್ದರೆ, ಎಂಟಕ್ಕೆ ಮನೆಗೆ ಬಂದವರು ತಂದಿಡಬಹುದು.